ಛತ್ತಿಲ್ಲದ ಕಾರಿನಲ್ಲಿ ಮದುಮಗ

ಆಳಂದದಲ್ಲಿ ಸ್ವಂತ ಕಾರು ಇಟ್ಟ ವಕೀಲರು ನಾಲ್ವರಿದ್ದೆವು. ಉಳಿದ ಮೂವರ ಕಾರಿಗೂ ಮೇಲೆ ಛತ್ತು ಇತ್ತು. ನನ್ನದಕ್ಕೆ ಮಾತ್ರ ಇರಲಿಲ್ಲ. ಅದೇ ನನ್ನ ಹೆಚ್ಚುಗಾರಿಕೆ!

೧೯೮೭ರ ಮಾತು. ಹೈದರಾಬಾದಿನ ಒಂದು ಹಳೇ ಹವೇಲಿಯಿಂದ ಆ ಕೆಂಪು ಕಾರನ್ನು ನಾನೇ ಓಡಿಸಿಕೊಂಡು ಬಂದೆ. ಎರಡೇ ಬಾಗಿಲು, ತಗ್ಗು ಮೈ, ಬೇಕೆಂದಾಗ ಮಡಚಿಡಬಹುದಾದ ಬಟ್ಟೆಯ ಹುಡ್. ಹೊಸ ಕಾರು ಎಂದು ಊರಿಗೆಲ್ಲ ಹೇಳಿದೆ. ಸುಳ್ಳಲ್ಲ, ನನಗಂತೂ ಹೊಸದೇ. ಬಟ್ಟೆಯ ಹುಡ್ ಮಾತ್ರ ಹುಮನಾಬಾದು ದಾಟುವ ಮೊದಲೇ ಗಾಳಿಗೆ ಹರಿದು ಹಾರಿಹೋಗಿತ್ತು.

ಹೆಂಡತಿ ಹೀರಾಬಾಯಿ ಆರತಿ ತಟ್ಟೆ ಹಿಡಿದು ಕಾರಿಗೆ ಒಂದು ಸುತ್ತು ಬಂದಳು.

“ಮ್ಯಾಲಿನ ಭಾಗ ಹಿಂದಿಂದ ಲಾರಿಯಾಗ ಬರ್ತದೇನ್ರಿ?”

“ಇದು ಹಿಂಗ ಇರ್ತದ. ಸಿನಿಮಾದಾಗ ನೋಡಿಲ್ಲೇನು? ಹೀರೋ ಇಂಥಾದ್ರಾಗ ಹೋಗ್ತಾನ.”

“ಹೀರೋಗ ತಲಿ ತುಂಬ ಕೂದಲ ಇರ್ತಾವ್ರಿ. ನಿಮಗ ಬಿಸಲ ಹತ್ತತದ.”

ನಾನು ಆ ಮಾತನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಮನಸ್ಸಿನಲ್ಲಿ ಆಗಲೇ ಒಂದು ಘನವಾದ ಸಂಕಲ್ಪ ಮೂಡಿತ್ತು. ಮುಂದಿನ ತಿಂಗಳು ಹೀರಾಬಾಯಿಯ ತಮ್ಮ ರೇವಣಸಿದ್ಧನ ಮದುವೆ. ಗಂಡಿನ ಮನೆ ಮಟಕಿಯಲ್ಲಿ, ಅಕ್ಷತೆ ಹೆಣ್ಣಿನ ಊರಾದ ಅತನೂರಿನಲ್ಲಿ. ಮದುಮಗನನ್ನು ಕರೆತಂದವರಿಗೆ ಹಂದರದ ಬಾಗಿಲಲ್ಲೇ, ನಾಲ್ಕು ಮಂದಿಯ ಎದುರಿಗೆ, ಜರತಾರಿ ರುಮಾಲು ಸುತ್ತುವುದು ಆ ಹೆಣ್ಣಿನ ಮನೆತನದ ಪದ್ಧತಿ. ಆ ರುಮಾಲು ನನ್ನ ತಲೆಗೇ ಬರಬೇಕು!

ಅಡ್ಡಿ ಎಂದರೆ ಒಬ್ಬರೇ. ಹೀರಾಬಾಯಿಯ ಅಕ್ಕನ ಗಂಡ, ನನ್ನ ಷಡ್ಡಕ, ಜೇವರ್ಗಿಯ ಶಾಂತಲಿಂಗಪ್ಪ. ಅವರದು ಬಿಳಿ ಅಂಬಾಸಿಡರ್. ಹನ್ನೆರಡು ವರ್ಷದಿಂದ ಮಾವನ ಮನೆಯಲ್ಲಿ ಊಟದ ಮೊದಲ ತಾಟು ಅವರ ಮುಂದೆ, ಎರಡನೆಯದು ನನ್ನ ಮುಂದೆ. ಮುಚ್ಚಿಡುವುದೇಕೆ, ನನಗೆ ಹೊಟ್ಟೆಕಿಚ್ಚು.

ಮದುಮಗನನ್ನು ಕೂರಿಸುವ ಮುಂಚೆ ಕಾರಿಗೆ ಒಂದಿಷ್ಟು ಸಿಂಗಾರ ಬೇಡವೇ? ಹಳೇ ಬಸ್ಸಿನದೊಂದು ಹಾರ್ನ್ ಹಾಕಿಸಿದೆ. ಸೀಟಿಗೆ ಕೆಂಪು ರೆಕ್ಸಿನ್ ಹೊದಿಸಿದೆ. ಹೊಸ ಹುಡ್ ಮಾಡುವ ಕೆಲಸವನ್ನು ಅಬ್ದುಲ್ ಗನಿಯವರಿಗೆ ಒಪ್ಪಿಸಿದೆ. ಮೂವತ್ತು ವರ್ಷದಿಂದ ಟಾಂಗಾಗಳಿಗೆ ಹುಡ್ ಹೊಲಿಯುತ್ತ ಬಂದ ಕೈ ಅದು.

“ಫಿಕರ್ ಬ್ಯಾಡ್ರಿ ವಕೀಲಸಾಬ,” ಎಂದರು. “ನಾ ಹೊಲಿದ ಹುಡ್ ಮಳಿಗಿ ಸೋರಿಲ್ಲ, ಗಾಳಿಗಿ ಹಾರಿಲ್ಲ.”

ಮದುವೆಯ ಹಿಂದಿನ ದಿನ ಹೋಗಿ ನೋಡಿದರೆ ಕಣ್ಣು ತಣಿಯುವಂಥ ಕೆಲಸ. ಕಪ್ಪು ರೆಕ್ಸಿನ್, ಅಂಚಿಗೆ ಕೆಂಪು ಝಾಲರು, ಹಿತ್ತಾಳೆಯ ಬೋಲ್ಟು. ಆದರೆ ಹುಡ್ಡಿನ ಬೆನ್ನು ನನ್ನ ತಲೆಯ ಹಿಂದೆ ಗೋಡೆಯಾಗಿ ನಿಂತಿತ್ತು. ಬಾಯಿ ಹಿಂದಕ್ಕೆ ತೆರೆದಿತ್ತು.

“ಗನಿಸಾಬ, ಇದರ ಬಾಯಿ ಹಿಂದಕ್ಕ್ಯಾಕ ಅದ?”

“ಟಾಂಗಾದಾಗ ಮರ್ಯಾದಸ್ಥ ಸವಾರಿ ಎಲ್ಲಾ ಹಿಂದ ಮಾರಿ ಮಾಡೇ ಕೂಡತಾರಲ್ರಿ? ಅದಕ್ಕ ಹಿಂದಿನ ಸೀಟೂ ತಿರುವಿ ಕೂಡಿಸೇನಿ. ಅದು ಪುಕ್ಕಟೆ.”

ನೋಡಿದೆ. ಹಿಂದಿನ ಸೀಟು ನಿಜಕ್ಕೂ ನನಗೆ ಬೆನ್ನು ಮಾಡಿ ಕೂತಿತ್ತು. ಬಿಚ್ಚಿ ತಿರುಗಿಸಲು ಎರಡು ದಿನ ಬೇಕು, ಇರುವುದು ಒಂದು ರಾತ್ರಿ.

ಹೀರಾಬಾಯಿ ಮಾತ್ರ ಸಮಾಧಾನ ಹೇಳಿದಳು. “ಇರಲಿ ಬಿಡ್ರಿ. ಹಿಂದ ಬಿಟ್ಟು ಬಂದ ಸುಖ ಕಣ್ತುಂಬ ನೋಡಕೋತ ಹೋಗ್ತಾನ.”

ಮರುದಿನ ಮಟಕಿಯಲ್ಲಿ ನಾನು ಬಸ್ ಹಾರ್ನ್ ಒತ್ತಿದ್ದೇ ತಡ, ರೇವಣಸಿದ್ಧ ಬಾಸಿಂಗ ಕಟ್ಟಿಕೊಂಡು ತಾನಾಗಿ ಬಂದು ನನ್ನ ಕಾರು ಹತ್ತಿದ. ಶಾಂತಲಿಂಗಪ್ಪ ಹಿರಿಯರನ್ನು ತುಂಬಿಕೊಂಡು ಮುಂದೆ ಹೊರಟರು. ಅಕ್ಷತೆ ಹನ್ನೆರಡೂವರೆಗೆ. ನಾವು ದಾರಿಯ ನಡುವಿನ ಚೌಡಾಪುರ ಬಿಟ್ಟಾಗ ಹನ್ನೊಂದು. ದಾರಿಯ ಮಂದಿ ನಮ್ಮನ್ನು ನಿಂತು ನೋಡಿದರು. ಮದುಮಗನೂ ಅವರನ್ನು ನೋಡಿದ, ಅವರು ಕಣ್ಮರೆಯಾಗುವ ತನಕ ನೋಡಿದ.

ಅತನೂರು ಇನ್ನು ಒಂದು ಹರದಾರಿ ಇರುವಾಗ ರುಮಾಲು ಸುತ್ತಿದ ರೈತರೊಬ್ಬರು ಕೈ ಅಡ್ಡ ಹಿಡಿದರು. ಹೆಸರು ಹುಲೆಪ್ಪ ಎಂದರು. ಅವರ ಹಿಂದೆ ಡಾಂಬರು ರಸ್ತೆಯ ತುಂಬ ಕುಸುಬಿ ಹರಡಿತ್ತು. ನಮ್ಮ ಕಡೆ ಸುಗ್ಗಿಯಲ್ಲಿ ಹೀಗೇ. ಮುಳ್ಳು ಕುಸುಬಿಯನ್ನು ರಸ್ತೆಗೆ ಹಾಕಿದರೆ ಹೋಗುವ ಬರುವ ಗಾಡಿಗಳೇ ತುಳಿದು ಕಾಳು ಬಿಡಿಸಿಕೊಡುತ್ತವೆ. ಯಾರೂ ಇಲ್ಲವೆನ್ನುವುದಿಲ್ಲ.

“ನೀವು ಬಾಜೂಕ ಹಿಡದು ಸಾವಕಾಶ ಹೋಗಿಬಿಡ್ರಿ ಸಾಹೇಬ್ರ,” ಎಂದರು ಹುಲೆಪ್ಪ. “ನಿಮ್ಮದು ನಾಜೂಕ ಗಾಡಿ. ಈಗ ಒಂದು ಬಿಳಿ ಅಂಬಾಸಿಡರ್ ಬಂದಿತ್ತರಿ. ಎರಡ ಸುತ್ತ ತಿರುಗಿಸಿ ಕೊಟ್ಟರು, ಪುಣ್ಯಾತ್ಮರು.”

“ಎರಡ ಸುತ್ತ?”

“ಬ್ಯಾಡ್ರಿ,” ಎಂದಳು ಪಕ್ಕದ ಸೀಟಿನಲ್ಲಿದ್ದ ಹೀರಾಬಾಯಿ.

“ನಾ ಏನೂ ಅಂದಿಲ್ಲಲ್ಲ.”

“ನಿಮ್ಮ ಮೂಗು ಅಂದದ.”

ನಾನು ಐದು ಸುತ್ತು ಹಾಕುವುದೆಂದು ನಿಶ್ಚಯಿಸಿದೆ. ಹಾರ್ನ್ ಒತ್ತಿದೆ, ಕುಸುಬಿ ಪಟಪಟ ಸಿಡಿಯಿತು. ಹೊಟ್ಟು ಮೋಡದಂತೆ ಎದ್ದಿತು. ನನಗೆ ಹುಡ್ಡಿನ ಗೋಡೆಯಿತ್ತು, ಹಿಂದೆ ಏನಾಗುತ್ತಿದೆಯೆಂದು ಕಾಣಲಿಲ್ಲ. ಮೊದಲ ಸುತ್ತಿಗೆ “ಮಾಮಾ” ಎಂಬ ಕೂಗು ಕೇಳಿಸಿತು. ಎರಡನೆಯದಕ್ಕೆ ಸೀನು. ಮೂರನೆಯದರಿಂದ ಯಾವ ಸದ್ದೂ ಇಲ್ಲ, ಹುಡುಗ ಒಗ್ಗಿಕೊಂಡ ಎಂದುಕೊಂಡೆ. ಐದನೆಯ ಸುತ್ತಿನ ಅರ್ಧಕ್ಕೆ ಹೊಟ್ಟು ರೇಡಿಯೇಟರಿಗೆ ಮೆತ್ತಿ, ನೀರು ಕುದಿದು, ಇಂಜಿನ್ ನಿಂತುಹೋಯಿತು.

ಇಳಿದು ಹಿಂದೆ ಹೋದೆ. ಗನಿಸಾಹೇಬರ ಹುಡ್ ಮಳೆಗೆ ಸೋರುವಂಥದ್ದಲ್ಲ, ನಿಜ. ಒಳಗೆ ಬಂದ ಹೊಟ್ಟನ್ನೂ ಅದು ಹೊರಗೆ ಬಿಟ್ಟಿರಲಿಲ್ಲ. ಮದುಮಗ ಎದೆಮಟ್ಟ ಹೂತಿದ್ದ. ಮೀಸೆಯಲ್ಲಿ ಮುಳ್ಳು, ಬಾಸಿಂಗದಲ್ಲಿ ಮುಳ್ಳು.

“ಮಾಮಾ, ನನಗ ಮದವಿ ಬ್ಯಾಡ,” ಎಂದ. “ತುರಿಸಿಕೊಳ್ಳಾಕ ಇನ್ನೆರಡು ಕೈ ಕೊಡ್ರಿ ಸಾಕು.”

ಇಂಜಿನ್ ಮಿಸುಕಲಿಲ್ಲ. ಹಿಂದೆ ಮುಂದೆ ಒಂದು ಗಾಡಿಯ ಸುಳಿವಿಲ್ಲ. ಹನ್ನೆರಡಕ್ಕೆ ಹತ್ತು ನಿಮಿಷ. ಹೀರಾಬಾಯಿಯ ಕಣ್ಣಲ್ಲಿ ನೀರು ಬಂತು.

“ತಮ್ಮನ ಅಕ್ಷತಾ ತಪ್ಪಿದರ ನಾ ತವರಮನಿ ಹೊಸ್ತಿಲ ಹ್ಯಾಂಗ ದಾಟಲಿ?”

ಆಗ ನನಗೆ ನಾಚಿಕೆಯಾಯಿತು. ಕೋರ್ಟಿನಲ್ಲಿ ಎಷ್ಟೋ ಸಲ ಸೋತಿದ್ದೇನೆ, ಇಷ್ಟು ಸಣ್ಣವನಾಗಿರಲಿಲ್ಲ.

ಹುಲೆಪ್ಪ ಹೊಲಕ್ಕಿಳಿದು ತಮ್ಮ ಜೋಡೆತ್ತು ಹೊಡೆದುಕೊಂಡು ಬಂದರು. ನೊಗ ಹೂಡಿ ಕಾರಿನ ಬಂಪರಿಗೆ ಹಗ್ಗ ಬಿಗಿದರು. ನಾನು ಸ್ಟೇರಿಂಗ್ ಹಿಡಿದು ಕೂತೆ. ಕೂತವನು ಸುಮ್ಮನಿರಬಾರದೇ? ಅಭ್ಯಾಸಬಲದಿಂದ ಬಸ್ ಹಾರ್ನ್ ಒತ್ತಿದೆ. ಎತ್ತುಗಳು ಬೆಚ್ಚಿ ಬಾಲ ಎತ್ತಿ ಓಡಿದವು. ಹುಲೆಪ್ಪ ಬಾನೆಟ್ ಮೇಲೆ ಹಾರಿ ಕೂತು ಹಗ್ಗ ಹಿಡಿದರು. ಆ ಕಾರು ಅಷ್ಟು ವೇಗವಾಗಿ ಹೈದರಾಬಾದಿನಿಂದಲೂ ಬಂದಿರಲಿಲ್ಲ.

ಅತನೂರಿನ ಹಂದರದ ಮುಂದೆ ಮೊದಲು ಎತ್ತು ಬಂದವು, ಆಮೇಲೆ ಹುಲೆಪ್ಪ, ಆಮೇಲೆ ನಾನು, ಎಲ್ಲಕ್ಕೂ ಕೊನೆಗೆ ಜನಕ್ಕೆ ಬೆನ್ನು ಮಾಡಿದ ಮದುಮಗ. ಆರತಿ ಹಿಡಿದ ಹೆಂಗಸರು ಕಾರಿನ ಹಿಂಬದಿಗೆ ಓಡಿದರು. ಗಡಿಯಾರದಲ್ಲಿ ಹನ್ನೆರಡೂ ಇಪ್ಪತ್ತು. ಹೀರಾಬಾಯಿ ಉಸಿರು ಬಿಟ್ಟಳು.

ಶಾಂತಲಿಂಗಪ್ಪ ಬಳಿ ಬಂದು ನನ್ನ ಹೆಗಲ ಹೊಟ್ಟು ಕೊಡವಿದರು.

“ನೀವು ಎರಡ ಸುತ್ತ ಹಾಕಿದ್ರಿ, ನಾ ಐದಕ್ಕ ಕೈ ಹಾಕಿದೆ,” ಎಂದೆ.

“ಯಾವ ಸುತ್ತರಿ? ನಾ ಬಾಜೂಕ ಹಿಡದು ಸಾವಕಾಶ ಬಂದೆ. ಅವರು ನನಗೂ ಹಾಂಗ ಅಂದ್ರು, ಯಾವುದೋ ಜೀಪು ಮೂರು ಸುತ್ತ ಹಾಕ್ಯದಂತ.”

ನಾನು ಹುಲೆಪ್ಪನವರತ್ತ ನೋಡಿದೆ. ಅವರು ಎತ್ತಿನ ಮೈ ತೀಡುವುದರಲ್ಲಿ ಮಗ್ನರಾಗಿದ್ದರು.

ಅಷ್ಟರಲ್ಲಿ ಹೆಣ್ಣಿನ ತಂದೆ ದೊಡ್ಡಪ್ಪಗೌಡರು ಜರತಾರಿ ರುಮಾಲು ಹಿಡಿದು ಬಂದರು. ಏನಾದರಾಗಲಿ, ಕಾರು ನನ್ನದು. ನಾನು ತಲೆ ಬಗ್ಗಿಸಿದೆ. ಬಹಳ ಹೊತ್ತು ಬಗ್ಗಿಸಿಕೊಂಡೇ ಇದ್ದೆ. ತಲೆ ಎತ್ತಿದಾಗ ರುಮಾಲು ಹುಲೆಪ್ಪನವರ ತಲೆಯ ಮೇಲಿತ್ತು.

“ಗೌಡ್ರ, ಗಾಡಿ ನನ್ನದು,” ಎಂದೆ.

“ಹೌದ್ರಿ ದೌಲತರಾಯರ, ಗಾಡಿ ನಿಮ್ಮದ. ಆದರ ಮದುಮಗನ್ನ ತಂದಾವ ಎತ್ತಲ್ರಿ?”

ಇಪ್ಪತ್ತು ವರ್ಷದ ವಕೀಲಿಯಲ್ಲಿ ಇಂಥ ವಾದ ಕೇಳಿರಲಿಲ್ಲ. ಉತ್ತರಕ್ಕೆ ಬಾಯಿ ತೆರೆಯುವಷ್ಟರಲ್ಲಿ ಹೀರಾಬಾಯಿ ನನ್ನ ತೋಳು ಹಿಡಿದು ಹಿಂದಕ್ಕೆ ಎಳೆದಳು.

“ಸುಮ್ಮ ಬರ್ರಿ. ಅಪೀಲಿಗಿ ಹೋದರ ಆ ಎತ್ತಿಗೂ ಒಂದೊಂದು ರುಮಾಲ ಕೊಡತಾರ, ನಿಮಗ ಮಾತ್ರ ಬರೂದಿಲ್ಲ.”