ಹೇಂಟೆಯ ನಿರಾಕ್ಷೇಪಣಾ ಪತ್ರ

ಅಯೋವಾ ರಾಜ್ಯದ ನಮ್ಮ ಕೌಂಟಿಯಲ್ಲಿ ಜೇನ್ನೊಣಗಳಿಗಾಗಿ ಕಾಡುಹೂ ಬೆಳೆಸುವವರು ಮೊದಲ ವರ್ಷದ ಕಳೆಯನ್ನು ಜೂನ್ ಮೂವತ್ತರೊಳಗೆ ಕಡ್ಡಾಯವಾಗಿ ಕತ್ತರಿಸತಕ್ಕದ್ದು. ಹಕ್ಕಿಗಳು ಕಾವು ಕೂರುವ ಕಾಲವಾದ್ದರಿಂದ, ಆಗಸ್ಟ್ ಒಂದಕ್ಕೆ ಮುಂಚೆ ಯಾರೂ ಏನನ್ನೂ ಕತ್ತರಿಸತಕ್ಕದ್ದಲ್ಲ. ಎರಡೂ ಆದೇಶಗಳಿಗೆ ಒಬ್ಬರೇ ಅಧಿಕಾರಿ ಒಂದೇ ದಿನ ಸಹಿ ಮಾಡಿರುವುದರಿಂದ ಅವುಗಳ ನಡುವೆ ವಿರೋಧವಿಲ್ಲವೆಂಬುದು ಕಚೇರಿಯ ನಿಲುವು.

ಎರಡೂ ಒಂದೇ ಲಕೋಟೆಯಲ್ಲಿ ಬಂದದ್ದು ಆರ್ಡಿಸ್ ಹಿನ್ರಿಕ್ಸ್ ಅವರಿಗೆ. ಮೂವತ್ತು ವರ್ಷ ಶಾಲೆಯ ಬಸ್ಸು ಓಡಿಸಿ ನಿವೃತ್ತರಾದ ಆಕೆ, ತಮ್ಮ ನಾಲ್ಕು ಎಕರೆ ಮುಸುಕಿನ ಜೋಳದ ಹೊಲಕ್ಕೆ ಆ ವರ್ಷವಷ್ಟೇ ಕಾಡುಹೂವಿನ ಬೀಜ ಚೆಲ್ಲಿದ್ದರು. ಕಳೆ ಸೊಂಟದೆತ್ತರ ಎದ್ದಿತ್ತು. ಅದರಡಿ ಬೆರಳುದ್ದದ ಸಸಿಗಳು ಬಿಸಿಲಿಲ್ಲದೆ ಬಿಳಿಚಿಕೊಂಡಿದ್ದವು. ಕತ್ತರಿಸದಿದ್ದರೆ ಕೌಂಟಿಯೊಡನೆ ಮಾಡಿಕೊಂಡ ಕಾಡುಹೂ ಒಪ್ಪಂದ ರದ್ದು, ಕತ್ತರಿಸಿದರೂ ರದ್ದು. ರದ್ದಾದರೆ ಹೊಲವನ್ನು ಗುತ್ತಿಗೆಗೆ ಹಿಡಿದು ಜೋಳ ಬಿತ್ತಲು ಪಕ್ಕದ ಹೊಲದ ಮೆರ್ಲ್ ಟ್ಯಾಡನ್ ತಮ್ಮ ಟ್ರ್ಯಾಕ್ಟರ್ ಸಿದ್ಧವಿಟ್ಟುಕೊಂಡಿದ್ದರು. ಅವರು ಕಾಡುಹೂ ಸಲಹಾ ಸಮಿತಿಯ ಸದಸ್ಯರು.

ಆರ್ಡಿಸ್ ನೇರ ಕಚೇರಿಗೆ ನುಗ್ಗಿದರು. ಸಹಿ ಮಾಡಿದ್ದ ಅಧಿಕಾರಿ ಲೋರನ್ ವಾವ್ರೋಖ್ ಚಿಕ್ಕವರಿದ್ದಾಗ ಆಕೆಯ ಬಸ್ಸಿನಲ್ಲೇ ಶಾಲೆಗೆ ಹೋದವರು.

"ಏ ಲೋರನ್, ನೀನು ಬಸ್ಸಲ್ಲೂ ಹಿಂಗೇ. ಹತ್ತಲ್ಲ, ಇಳಿಯಲ್ಲ, ಬಾಗಿಲಲ್ಲೇ ನಿಂತಿರ್ತಿದ್ದೆ. ಕತ್ತರಿಸ್ಲೋ ಬೇಡ್ವೋ?"

"ಎರಡೂ ಮಾಡಿ, ಮಿಸೆಸ್ ಹಿನ್ರಿಕ್ಸ್. ನಿಯಮ ಇಪ್ಪತ್ತೆರಡು ಇದೆ. ಗೂಡಿನ ನಿವಾಸಿ ನಿರಾಕ್ಷೇಪಣಾ ಪತ್ರ ಕೊಟ್ರೆ ಕತ್ತರಿಸ್ಬಹುದು."

"ಹಕ್ಕಿ ಹತ್ರ ಸಹಿನಾ?"

"ಹೆಬ್ಬೆಟ್ಟೂ ನಡೆಯುತ್ತೆ."

ಹೊಲದಲ್ಲಿ ನಿವಾಸಿ ಒಬ್ಬರೇ: ಹನ್ನೊಂದು ಮೊಟ್ಟೆಗಳ ಮೇಲೆ ಕೂತಿದ್ದ ಫೆಸೆಂಟ್ ಕಾಡುಕೋಳಿ ಹೇಂಟೆ. ಲೋರನ್ ಮಂಡಿಯೂರಿ ಅರ್ಜಿಯನ್ನು ಸ್ಪಷ್ಟವಾಗಿ ಓದಿದರು.

"ಅದಕ್ಕೆ ಇಂಗ್ಲಿಷ್ ಬರುತ್ತೇನೋ?" ಆರ್ಡಿಸ್ ಕೇಳಿದರು.

"ಇಲ್ಲೇ ಹುಟ್ಟಿದ್ದಲ್ವಾ, ಬರದೆ ಏನು?"

ಹೇಂಟೆ ಬೇಸತ್ತು ಎದ್ದು, ಹೆಬ್ಬೆಟ್ಟಿಗೆಂದು ಲೋರನ್ ತೆರೆದಿಟ್ಟಿದ್ದ ಶಾಯಿ ಡಬ್ಬಿಯನ್ನು ತುಳಿದು, ಅರ್ಜಿಯ ಮೇಲೆ ಒಂದು ಹೆಜ್ಜೆಯಿಟ್ಟು, ಮರಳಿ ಕೂತಿತು. ಮೂರು ಬೆರಳು ಮೂರು ಚೌಕಗಳಲ್ಲಿ ಮೂಡಿದವು: ಕತ್ತರಿಸಲು ಆಕ್ಷೇಪಣೆ ಇಲ್ಲ, ಗೂಡನ್ನು ಬಿಟ್ಟು ಗೇಣೆತ್ತರದಲ್ಲಿ ಕತ್ತರಿಸತಕ್ಕದ್ದು, ಸಲಹಾ ಸಮಿತಿಯ ಸದಸ್ಯತ್ವಕ್ಕೆ ಇಚ್ಛೆ ಇದೆ.

ಆರ್ಡಿಸ್ ಅಂದೇ ಯಂತ್ರ ಹತ್ತಿ, ಗೂಡಿನ ಸುತ್ತ ಅಗಲವಾಗಿ ಜಾಗ ಬಿಟ್ಟು, ಮಿಕ್ಕದ್ದನ್ನು ಗೇಣೆತ್ತರಕ್ಕೆ ಕತ್ತರಿಸಿದರು. ಸಸಿಗಳಿಗೆ ಬಿಸಿಲು ಬಿತ್ತು. ಆಕೆ ಯಂತ್ರ ನಿಲ್ಲಿಸಿ, ಸೀಟಿನ ಮೇಲೆ ಕೂತಲ್ಲೇ ಸುಮ್ಮನೆ ನಕ್ಕರು.

ಎರಡು ವರ್ಷದಿಂದ ಒಬ್ಬ ಸದಸ್ಯರ ಕೊರತೆಯಿಂದ ಸೇರದಿದ್ದ ಸಮಿತಿ, ಹೇಂಟೆಯಿಂದಾಗಿ ಹೊಲದ ಅಂಚಿನಲ್ಲೇ ಸೇರಿತು. ಮೆರ್ಲ್ ಎದ್ದುನಿಂತರು.

"ಈ ಕೋಳಿ ಜಾತಿ ನಮ್ಮ ನೆಲದ್ದಲ್ಲ ಕಣ್ರೀ! ಚೀನಾದಿಂದ ಬಂದಿದ್ದು!"

"ನಿಮ್ಮ ಮನೆತನ ಎಲ್ಲಿಂದ ಬಂದಿದ್ದು?" ಲೋರನ್ ಕೇಳಿದರು.

"ಜರ್ಮನಿಯಿಂದ. ಆದ್ರೆ ಬಂದು ನೂರು ವರ್ಷ ದಾಟಿದೆ."

ಕಡತ ತೆರೆದು ನೋಡಲಾಗಿ, ಹೇಂಟೆಯ ಮನೆತನ ಒಂಬತ್ತು ವರ್ಷ ಮೊದಲೇ ಬಂದಿತ್ತು. ಸೇವಾ ಹಿರಿತನದ ನಿಯಮದಂತೆ ಹೇಂಟೆಯನ್ನು ಅಧ್ಯಕ್ಷರನ್ನಾಗಿ ಘೋಷಿಸಲಾಯಿತು.

ಮೂರನೆಯ ಬೇಸಿಗೆಗೆ ನಾಲ್ಕೂ ಎಕರೆ ನೇರಳೆ, ಹಳದಿ, ಕಿತ್ತಳೆಯಾಗಿ ಅರಳಿತು. ದುಂಬಿ, ಜೇನ್ನೊಣಗಳ ಸದ್ದಿಗೆ ಆರ್ಡಿಸ್ ಅಂಗಳದಲ್ಲಿ ಗಟ್ಟಿಯಾಗಿ ಮಾತಾಡಬೇಕಾಯಿತು. ಮೆರ್ಲ್ ತಾವೂ ಎರಡು ಎಕರೆಗೆ ಬೀಜ ಕೇಳಿದರು. ಮೊನ್ನೆ ಮಾತ್ರ ಅಧ್ಯಕ್ಷರ ವಿರುದ್ಧ ಲಿಖಿತ ದೂರು ಕೊಟ್ಟಿದ್ದಾರೆ: ಒಂಬತ್ತೂವರೆಯ ಸಭೆಗೆ ಹತ್ತಕ್ಕೆ ಬಂದರಂತೆ.