ಬೋಳುತಲೆಗೆ ಕೆಂಪು ಬೂಟು

ಯಂತ್ರದಿಂದ ವ್ಯಾಪಾರವೂ ಹೆಚ್ಚಬೇಕು, ಷಡ್ಡಕನ ಹೊಟ್ಟೆಯೂ ಉರಿಯಬೇಕು. ಚಪ್ಪಲಿ ಅಂಗಡಿಯ ಯಜಮಾನರ ಲೆಕ್ಕಾಚಾರ ಇಷ್ಟೇ. ಹೊಟ್ಟೆ ಉರಿದದ್ದು ನಿಜ. ಯಾರದ್ದು ಎಂಬುದರಲ್ಲಿ ಮಾತ್ರ ಸ್ವಲ್ಪ ಅದಲುಬದಲಾಯಿತು.

ಯಂತ್ರವೆಂದರೆ ಆಳೆತ್ತರದ ಒಂದು ಪರದೆ. ಎದುರು ನಿಂತವರನ್ನು ನೋಡಿ, ಅವರಿಗೆ ಯಾವ ಜೋಡು ಒಪ್ಪುತ್ತದೆಂದು ತಾನೇ ತೀರ್ಮಾನಿಸಿ ತೋರಿಸುತ್ತದೆ. ಉದ್ಘಾಟನಾ ಮಹೋತ್ಸವಕ್ಕೆಂದು ಯಜಮಾನರು ಮೇಲಿನ ಮನೆಯಿಂದ ಹೆಂಡತಿಯನ್ನೂ, ಎದುರು ಬೀದಿಯಿಂದ ಷಡ್ಡಕನನ್ನೂ ಕರೆಸಿದ್ದರು. ಷಡ್ಡಕ, ಅಂದರೆ ಹೆಂಡತಿಯ ಅಕ್ಕನ ಗಂಡ, ಇವರಿಗಿಂತ ಮೂರು ವರ್ಷ ದೊಡ್ಡವನು. ತಲೆ ಬೋರಲು ಹಾಕಿದ ತಟ್ಟೆ. ಯಜಮಾನರಿಗೆ ಅರುವತ್ತೇಳರಲ್ಲೂ ದಟ್ಟ ಕೂದಲು. (ಬಿಳಿಯದಾದರೇನು, ಬೆಳೆ ಬೆಳೆಯೇ.) ಮದುವೆಯಾದಂದಿನಿಂದ ಹೆಂಡತಿ "ಭಾವ ಎಷ್ಟು ಚುರುಕು" ಅಂದಾಗಲೆಲ್ಲ ಅವರು ಉತ್ತರ ಕೊಡುತ್ತಿದ್ದದ್ದು ಬಾಚಣಿಗೆಯಿಂದ.

ಇವತ್ತು ಯಂತ್ರವೇ ಇತ್ಯರ್ಥ ಮಾಡಲಿ ಎಂದು ಪರದೆಯ ಮುಂದೆ ಎದೆಯುಬ್ಬಿಸಿ ನಿಂತರು. ಪರದೆ ಕ್ಷಣಕಾಲ ಮಿನುಗಿ, ಮಂಡಿನೋವಿನವರು ಹಾಕುವ ಮೆತ್ತನೆಯ ಕಂದು ಚಪ್ಪಲಿ ತೋರಿಸಿತು. ಆಮೇಲೆ ಷಡ್ಡಕ ನಿಂತ. ಓಟಗಾರರ ಕೆಂಪು ಬೂಟು ಬಂತು.

"ಬೆಳಕು ಸರಿ ಇಲ್ಲ," ಎಂದರು ಯಜಮಾನರು.

ದೀಪ ಬದಲಾಯಿಸಿದ್ದಾಯಿತು. ಹೊಟ್ಟೆ ಒಳಗೆಳೆದುಕೊಂಡು ನಿಂತದ್ದಾಯಿತು. ನಿಂತಲ್ಲೇ ಕುಣಿದದ್ದೂ ಆಯಿತು. ಯಂತ್ರ ಕನಿಕರಗೊಂಡು ಮಂಡಿಗೆ ಕಟ್ಟುವ ಪಟ್ಟಿಯನ್ನೂ ಸೇರಿಸಿತು. ಪಾಪ, ಯಂತ್ರಕ್ಕೆ ಇನ್ನೂ ಅನುಭವ ಸಾಲದು ಎಂದು ಷಡ್ಡಕ ಸಮಾಧಾನ ಹೇಳಿದ. ಬೈದಿದ್ದರೆ ತಡೆದುಕೊಳ್ಳಬಹುದಿತ್ತು.

ಯಂತ್ರ ಕೂರಿಸಲು ಬಂದಿದ್ದ ಇಂಜಿನಿಯರಮ್ಮನನ್ನು ಯಜಮಾನರು ತರಾಟೆಗೆ ತೆಗೆದುಕೊಂಡರು. ಆಕೆ ಸಾವಧಾನವಾಗಿ ವಿವರಿಸಿದಳು: ಇದಕ್ಕೆ ಸ್ವಂತ ಬುದ್ಧಿಯಿಲ್ಲ, ಯಜಮಾನರು ಯಾರಿಗೆ ಏನು ತೆಗೆದು ತೋರಿಸುತ್ತಾರೆಂದು ಅಂಗಡಿಯ ಕ್ಯಾಮೆರಾದಲ್ಲಿ ನೋಡಿ ನೋಡಿ ಕಲಿತಿದೆ. ಬಾಗಿಲಲ್ಲಿ ಬಿಳಿ ಕೂದಲು ಕಂಡರೆ ಸಾಕು, ಬಂದವರು ಬಾಯಿ ತೆರೆಯುವ ಮೊದಲೇ ಅವರು ಕಂದು ಚಪ್ಪಲಿಯ ಪೆಟ್ಟಿಗೆ ಇಳಿಸುತ್ತಿದ್ದರಂತೆ.

"ಹಾಗಾದ್ರೆ ಇವರಿಗೆ?"

"ಅವರ ತಲೇಲಿ ಬಿಳಿ ಕೂದಲೇ ಇಲ್ವಲ್ಲ, ಸಾರ್."

"ಕರಿಯದಿದೆಯೇನಮ್ಮ?"

ಅಷ್ಟರಲ್ಲಿ ಹೆಂಡತಿ ಪರದೆಯ ಮುಂದೆ ಹೋಗಿ ನಿಂತಿದ್ದಳು. ಅವಳಿಗೂ ಅದೇ ಕಂದು.

"ನಲವತ್ತು ದಾಟಿದ ಮೇಲೆ ನೀವು ನನಗೆ ತಂದ್ಕೊಟ್ಟಿದ್ದೆಲ್ಲ ಇದೇ ಬಣ್ಣ. ಬೇರೆ ಬಣ್ಣದ್ದು ಮಾಡೋದನ್ನೇ ನಿಲ್ಲಿಸಿದಾರೆ ಅಂದ್ಕೊಂಡಿದ್ದೆ. ಈಗ ಯಂತ್ರ ಬೇಡ, ನೀವೇ ಒಂದು ಆರಿಸಿ ಕೊಡಿ, ನೋಡೋಣ."

ಷಡ್ಡಕನ ಕಣ್ಣೆದುರೇ ಗೆಲ್ಲಲು ಇನ್ನೊಂದು ಅವಕಾಶ ಸಿಗಲಿಕ್ಕಿಲ್ಲ. ಕೆಂಪು, ಕೆಂಪು ಎಂದು ಮನಸ್ಸಿನಲ್ಲೇ ಜಪಿಸುತ್ತ ಯಜಮಾನರು ಕಪಾಟಿಗೆ ಹೋದರು. ಅವಳ ಹಿಮ್ಮಡಿಗೆ ಹಿತವಾಗಿರಬೇಕಲ್ಲ ಎನ್ನುತ್ತ ತಿರುಗಿದಾಗ ಕೈಯಲ್ಲಿದ್ದದ್ದು ಕಂದು. ಕೈ ತನ್ನ ಪಾಡಿಗೆ ತಾನು ವ್ಯಾಪಾರ ಮಾಡಿಬಿಟ್ಟಿತ್ತು.

ಹೆಂಡತಿ ಹೋಗಿ ಕುರ್ಚಿಯಲ್ಲಿ ಕುಳಿತಳು.

"ಭಾವ, ನೀವೇ ಒಂದು ನೋಡಿ."

ಷಡ್ಡಕ ಹಳದಿ ಲೇಸಿನ ನೀಲಿ ಬೂಟು ತಂದು ಯಜಮಾನರ ಕೈಗಿಟ್ಟ. ತೊಡಿಸುವುದು ಅಂಗಡಿಯವರ ಕೆಲಸ ತಾನೆ? ಯಜಮಾನರು ನೆಲಕ್ಕೆ ಮಂಡಿಯೂರಿದರು. ಲಟಕ್ ಎಂದ ಸದ್ದು ಎಲ್ಲರಿಗೂ ಕೇಳಿಸಿತು. ಬೂಟು ಹಾಳಾದ್ದು, ಅವಳ ಕಾಲಿಗೆ ಬೊಂಬಾಟಾಗಿ ಒಪ್ಪಿತ್ತು.

"ಬಿಗಿಯಾಗಿ ಕಟ್ಟಿ," ಎಂದಳು ಹೆಂಡತಿ. "ನಾಳೆಯಿಂದ ಅಕ್ಕ-ಭಾವನ ಜೊತೆ ವಾಕಿಂಗ್ ಹೋಗ್ತೀನಿ. ನೀವು ಆ ಕಂದು ಹಾಕ್ಕೊಂಡು ನಿಧಾನಕ್ಕೆ ಬನ್ನಿ."