ಬೋರ್ಡು ಬರೆಯಾವ ಬುಕ್ಕು ಓದಿದ

ಓಣ್ಯಾಗ ಒಬ್ಬರು ಬುಕ್ಕು ಹಿಡದ್ರ ಸಾಕು, ಉಳಿದವರಿಗೆ ಬ್ಯಾರೆ ತಮಾಷಾ ಬೇಕಾಗಂಗಿಲ್ಲ. ಆಳಂದದಾಗ ನಮ್ಮ ಎದುರುಮನಿ ಪೇಂಟರ ಊರ ಅಂಗಡಿಗೆಲ್ಲ ಬೋರ್ಡು ಬರಕೊಂಡು ಸುಮ್ಮನಿದ್ದ. ಖಜೂರಿ ಊರಿನ ಹುಡುಗಿ ಸಂಗಾಟ ಲಗ್ನಾನೂ ಗೊತ್ತಾಗಿತ್ತು. ಅಷ್ಟರಾಗ ರದ್ದಿ ಅಂಗಡ್ಯಾಗ ಒಂದು ಇಂಗ್ಲಿಷ್ ಬುಕ್ಕು ಸಿಕ್ತು. ಅಕ್ಷರ ಹೆಂಗ ಕೂಡಿಸಬೇಕು, ಬಣ್ಣ ಯಾಕ ಹಚ್ಚಬೇಕು ಅನ್ನೋ ಶಾಸ್ತ್ರ ಅಂತ. ಡಿಕ್ಷನರಿ ಇಟ್ಕೊಂಡು ಆರು ತಿಂಗಳು ಓದಿದ. ನಾನು ಎರಡನೇ ಇಯತ್ತೆಗೇ ಸಾಲಿ ಬಿಟ್ಟಾಕಿ, ಬದುಕಿಕೊಂಡೆ.

ಮಂಗಳ

ಮೊದಲು ಸಿಕ್ಕಾವ ಟೇಲರ. ಅವನ ಅಂಗಡಿ ಹೆಸರು 'ಮಂಗಳ'. "ಅಕ್ಷರಕ್ಕ ಉಸಿರಾಡಾಕ ಜಾಗ ಬೇಕ್ರಿ" ಅಂತ ಪೇಂಟರ ಬಾಗಲ ಮ್ಯಾಲ ದೂರ ದೂರ ಬರದ. ಎಡಗಡಿ ಕದಕ್ಕ 'ಮಂಗ', ಬಲಗಡಿ ಕದಕ್ಕ 'ಳ'. ಟೇಲರ ದಿನಾ ಬಲಗಡಿ ಕದ ಅಷ್ಟೇ ತಗದು, ಅಲ್ಲೇ ಮಷೀನ್ ಹಾಕ್ಕೊಂಡು ಕೂಡಾವ. ಬಸ್ ಸ್ಟ್ಯಾಂಡಿನಿಂದ ಬರೋ ಮಂದಿ 'ಮಂಗ' ಅಂತ ಓದೋದು, ಬಾಜೂಕ ಇವನ ಮಾರಿ ನೋಡೋದು.

"ಇವತ್ತೇ ಅಳಸಸ್ತೇನಿ" ಅಂತ ಟೇಲರ ಹಾರಾಡಿದ.

"ಇರಲಿ ಬಿಡ್ರಿ" ಅಂದಳು ಹೆಂಡ್ತಿ. "ಇಪ್ಪತ್ತು ವರ್ಷದಿಂದ ನಾ ಬಾಯಿಲೆ ಹೇಳಿದ್ರ ಯಾರೂ ನಂಬಲಿಲ್ಲ. ಈಗ ಬರವಣಗ್ಯಾಗ ಬಂದದ!"

ಕೆಂಪು ಬಣ್ಣ

ಬುಕ್ಕಿನ ಪ್ರಕಾರ ಕೆಂಪು ಕಂಡ್ರ ಹಸಿವು ಕೆರಳತದಂತ. ಖಾನಾವಳಿ ಅಕ್ಕ ಊಟದ ಕೂಪನ್ ಹಾಕಸ್ಕೊಳ್ಳಾಕ ಬಾಗಲದಾಗ ಒಂದು ಡಬ್ಬಿ ಇಟ್ಟಿದ್ದಳು. ಪೇಂಟರ ಅದಕ್ಕ ಕಡುಗೆಂಪು ಬಳದ. ಹಸಿವು ಎಷ್ಟು ಕೆರಳಿತೋ ಗೊತ್ತಿಲ್ಲ, ಮಂದಿ ಅದನ್ನ ಟಪಾಲ ಡಬ್ಬಿ ಅಂದ್ಕೊಂಡು ಪತ್ರ ಹಾಕಾಕ ಹತ್ತಿದ್ರು.

ಟೇಲರನ ಸಿಟ್ಟು ಇನ್ನಾ ಇಳಿದಿರಲಿಲ್ಲ. "ಹುಡುಗಗ ಬುಕ್ಕು ಓದಿ ತಲಿ ಕೆಟ್ಟದ, ಹೆಣ್ಣು ಕೊಡಬ್ಯಾಡ್ರಿ" ಅಂತ ಖಜೂರಿಗೆ ಒಂದು ಕಾರ್ಡು ಬರದು, ಕನ್ನಡಕ ಮಷೀನ್ ಮ್ಯಾಲೇ ಬಿಟ್ಟು ಬಂದು, ಆ ಡಬ್ಬ್ಯಾಗೇ ಹಾಕಿ ಹ್ವಾದ. ಖಾನಾವಳಿ ಅಕ್ಕ ಕಾರ್ಡು ಸೀದಾ ನನ್ನ ಕಡಿ ತಂದಳು. ಲಗ್ನ ಉಳೀತು. ಮಂದಿ ಪತ್ರ ಓದಾಕಿ ಅಂತ ನನಗ ಹೆಸರಿಡಬ್ಯಾಡ್ರಿ. ನಾ ಓದಲಿಲ್ಲ; ಮೂರು ಮಂದಿ ಕಡಿಂದ ಓದಿಸಿದೆ.

ಲಗ್ನಪತ್ರಿಕಾ

ಪತ್ರಿಕಾನೂ ಬುಕ್ಕಿನ ಪ್ರಕಾರನೇ ಅಚ್ಚು ಹಾಕಿಸಿದ. ನಡುವ ಗಂಡು-ಹೆಣ್ಣಿನ ಹೆಸರು, ಕೆಳಗ ಊರು, ತಾರೀಖು. ಉಳಿದದ್ದೆಲ್ಲ ಬೆಳ್ಳಗ. ಹಿರಿಯರ ಹೆಸರು ಒಂದೂ ಇಲ್ಲ! ಹುಡುಗಿ ಸೋದರಮಾವ ಚೌಡಾಪುರದಿಂದ ಮೊದಲನೇ ಬಸ್ಸಿಗೇ ಬಂದಿಳದ.

"ಏನಲೇ, ನನ್ನ ಹೆಸರೆಲ್ಲಿ?"

"ಮಾವಾರ, ಖಾಲಿ ಜಾಗಾನೂ ಮಾತಾಡ್ತದ ಅಂತ ಬುಕ್ಕಿನ್ಯಾಗ ಅದರಿ."

"ಹೌದಾ? ಹಂಗಾರ ನಿನ್ನ ಬಾಜೂಕ ಮದುಮಗಳು ಕೂಡೋ ಮಣಿ ಖಾಲಿ ಇಡಸ್ತೇನಿ, ಅದರ ಕೂಡ ಮಾತಾಡ್ಕೋತ ಸಂಸಾರ ಮಾಡು!"

ಪೇಂಟರನ ಮಾರಿ ಸುಣ್ಣ ಬಳದಂಗಾತು. ನಾನೇ ಓಡಿ ಶಾಯಿ ದೌತಿ ತಂದೆ. ಕಾಕಾ, ಮಾಮಾ, ಸೋದರತ್ತಿ, ಅವರ ಮಕ್ಕಳು, ಮೊಮ್ಮಕ್ಕಳು ಅಂತ ಒಂದೊಂದೇ ಕಾರ್ಡಿಗೆ ಕೈಲೆ ಬರದ, ಅಳಕೋತ. ಇರಿವಿ ಹೋಗಾಕೂ ಸಂದಿ ಉಳೀಲಿಲ್ಲ. ಚೌಡಾಪುರಕ್ಕ ಒಯ್ಯೋ ಕಾರ್ಡಿಗೆ ಮಾತ್ರ ಸೋದರಮಾವ ತಾನೇ ಬ್ರಶ್ ಕಸ್ಕೊಂಡು ತನ್ನ ಹೆಸರು ಜಡದ. ಸರಿ ನಡುವ, ದಪ್ಪಗ, ಮದುಮಗನ ಹೆಸರು ಮುಚ್ಚಿ ಹೋಗೋ ಹಂಗ ಅದರ ಮ್ಯಾಲೇ!

ಲಗ್ನದ ದಿನ ಚೌಡಾಪುರದ ಮುದುಕ ಒಬ್ಬಾವ ಕಾರ್ಡು ತಿರುವಿ ಮುರುವಿ ನೋಡಿ ಕೇಳಿದ: "ಹೆಸರು ಇಷ್ಟು ಅದಾವ, ಇದರಾಗ ಮದುಮಗ ಯಾರ್ರಿ?"

ಸೋದರಮಾವ ಬಾಶಿಂಗ ಕಟ್ಟಿಕೊಂಡು ಕುಂತಾವನ ಕಡಿ ಬಟ್ಟು ಮಾಡಿ ಅಂದ: "ಇಡೀ ಹಂದರದಾಗ ಕಾರ್ಡಿನ್ಯಾಗ ಹೆಸರಿಲ್ಲದಾವ ಅವನೊಬ್ಬನೇ, ನೋಡ್ಕೋರಿ!"